ಚಿನ್ನಾದೇವಿಗೆ ಕೊಟ್ಟ ಮಾತು

ಕೆಲವು ದಿನಗಳ ಹಿಂದೆ ಬಂಧುಗಳೊಬ್ಬರ ಮನೆಯ ಮದುವೆಗೆಂದು ತುರ್ವಿಹಾಳಕ್ಕೆ ಹೋಗಿದ್ದೆ. ಸಿಂಧನೂರಿಗೆ ಹಿಂದಿರುಗುವ ಬಸ್ಸು ತಡವಾಯಿತು. ಚಹದಂಗಡಿಯ ಬೆಂಚಿನ ಮೇಲೆ ಕುಳಿತಿದ್ದಾಗ ಪಕ್ಕದಲ್ಲಿ ನಡೆದಿದ್ದ ಮಾತು ಕಿವಿಗೆ ಬಿತ್ತು. ದೂರದ ಯಾವುದೋ ಪಟ್ಟಣದ ಕಚೇರಿಯಲ್ಲಿರುವ ಒಬ್ಬ ಗುಮಾಸ್ತನ ವಿಷಯ ಅದು. ಹಗಲೆಲ್ಲ ಕಡತದಿಂದ ತಲೆಯೆತ್ತದವನು, ಆಡಿದರೆ ಮುತ್ತು ಉದುರೀತೆಂಬಂತೆ ಬಾಯಿ ಬಿಗಿದುಕೊಂಡಿದ್ದವನು, ಇರುಳಾದರೆ ಯಾರಿಗೂ ತಿಳಿಯದಂತೆ ಒಂದು ಬಾರ್‌ಗೆ ಹೋಗುತ್ತಿದ್ದನಂತೆ. ಅಲ್ಲಿ ಹಾಡುವ ಹೆಂಗಸಿನ ಪರಿಚಯವಾಗಿ, ಈಗ ಅವಳನ್ನೇ ಕೈಹಿಡಿಯುವೆನೆಂದು ಹಟ ಹಿಡಿದಿದ್ದಾನಂತೆ.

ಕೇಳುತ್ತಿದ್ದವರಲ್ಲಿ ರುಮಾಲು ಸುತ್ತಿದ್ದ ಹಿರಿಯರೊಬ್ಬರು ಚಹದ ಬಟ್ಟಲನ್ನು ಕೆಳಗಿಟ್ಟು ತೀರ್ಪು ಕೊಟ್ಟರು: “ಹೋಗಿ ಬಂದ್ರ ಬರ್ಲಿ ಬಿಡ್ರಿ, ಗಂಡಸು. ಮದಿವಿ ಮಾಡ್ಕೊಂತೀನಿ ಅಂತಾನಲ್ಲ, ಅದಕ್ಕೇನನ್ನಬೇಕು?”

ಯಾರೂ ಎದುರಾಡಲಿಲ್ಲ. ಬಸ್ಸು ಬಂದಿತು, ನಾನೂ ಹತ್ತಿ ಕುಳಿತೆ. ಆದರೆ ಆ ಹಿರಿಯರ ಮಾತು ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಹೋಗಿಬರುವುದು ತಪ್ಪಲ್ಲ, ಮಾತು ಕೊಡುವುದು ತಪ್ಪು! ಈ ವಿಚಿತ್ರವಾದ ನ್ಯಾಯ ನಮ್ಮಲ್ಲಿ ಎಷ್ಟು ಹಳೆಯದು ಎಂದು ಯೋಚಿಸುತ್ತ ಹೋದವನಿಗೆ ಸುಮಾರು ಐನೂರು ವರ್ಷಗಳ ಹಿಂದಿನ ಒಂದು ಕಥೆ ನೆನಪಿಗೆ ಬಂದಿತು. ಅದರ ನಾಯಕನು ಗುಮಾಸ್ತನಲ್ಲ, ಚಕ್ರವರ್ತಿ. ಆದರೇನು? ಅವನಿಗೂ ಹಗಲಿನ ಕಚೇರಿಯಿತ್ತು, ಇರುಳಿನ ಗುಟ್ಟಿತ್ತು.

ತುರ್ವಿಹಾಳದ ಸುತ್ತಣ ಸೀಮೆ ಕೃಷ್ಣಾ ತುಂಗಭದ್ರೆಗಳ ನಡುವಣ ನೆಲ. ನಮ್ಮ ಶಾಸನಗಳು ಎಡೆದೊರೆ ನಾಡೆಂದು ಕರೆದ ಪ್ರದೇಶ ಇದೇ ಎನ್ನುತ್ತಾರೆ. ಅರಸರ ಬಿರುದುಗಳ ಹಿಂದೆ ಅಡಗಿದ್ದ ಮನುಷ್ಯನನ್ನು ಹೊರಗೆ ತರುವ ಅಭ್ಯಾಸ ಈ ಮಣ್ಣಿಗೆ ಉಂಟೆಂದು ತೋರುತ್ತದೆ. ‘ದೇವಾನಾಂಪ್ರಿಯ’ನೆಂಬ ಬಿರುದಿನಿಂದಷ್ಟೇ ಬಂಡೆಗಳ ಮೇಲೆ ಕಾಣಿಸಿಕೊಳ್ಳುತ್ತಿದ್ದ ಮೌರ್ಯ ಚಕ್ರವರ್ತಿ ಯಾರೆಂಬುದಕ್ಕೆ ೧೯೧೫ರಲ್ಲಿ ಉತ್ತರ ಕೊಟ್ಟದ್ದು ಮಸ್ಕಿಯ ಬಂಡೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದ ಆ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇದ್ದಿತು.

ಅರಸರ ಪ್ರಣಯಕ್ಕೂ ಈ ಸೀಮೆ ಹೊಸತಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯನ್ನು ಓದುಗರು ಕೇಳಿರಬಹುದು. ಅವಳ ರೂಪದ ವರ್ಣನೆಯನ್ನು ಕೇಳಿಯೇ ಮರುಳಾದ ವಿಜಯನಗರದ ಒಂದನೆಯ ದೇವರಾಯನು ಆಭರಣಗಳನ್ನು ಕಳುಹಿಸಿದನಂತೆ. ಅರಮನೆಯನ್ನು ಹೊಕ್ಕವಳು ತಾಯಿತಂದೆಗಳ ಮುಖವನ್ನು ಮತ್ತೆ ಕಾಣಲಾರಳೆಂದು ಆ ಹುಡುಗಿ ಒಲ್ಲೆನೆಂದಳಂತೆ. ಆಗ ರಾಯನು ಸೈನ್ಯವನ್ನೇ ಕಳುಹಿಸಿದನು. ಹುಡುಗಿಯ ಮನೆಯವರು ಮೊದಲೇ ಓಡಿಹೋಗಿದ್ದರು. ೧೪೦೬ರಲ್ಲಿ ಬಹಮನಿ ಸುಲ್ತಾನ ಫಿರೂಜ್ ಷಹನೊಡನೆ ಯುದ್ಧವಾಗಿ ರಾಯನು ಸೋತನು. ಇದು ಫಿರಿಸ್ತಾ ಹೇಳುವ ವೃತ್ತಾಂತ. ಆತ ಬರೆದದ್ದು ಸುಮಾರು ಇನ್ನೂರು ವರ್ಷಗಳ ತರುವಾಯವಾದ್ದರಿಂದ ಎಲ್ಲವನ್ನೂ ನಂಬಬೇಕಾಗಿಲ್ಲ. ಆದರೆ ಈ ಕಥೆಯಲ್ಲಿರುವುದು ಅಪ್ಪಣೆ, ಒಲವಲ್ಲ. ಹೆಣ್ಣನ್ನು ಕಾಣದೆಯೇ ಬೇಕೆಂದ ಅರಸನ ಕಥೆ ಅದು. ಕಂಡು, ಒಲಿದು, ಆಡಿದ ಮಾತಿಗೆ ಸಿಕ್ಕಿಬಿದ್ದ ಅರಸನ ಕಥೆ ಬೇರೆಯೇ ಇದೆ. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ತುಂಗಭದ್ರೆಯನ್ನು ದಾಟಿ ವಿಜಯನಗರಕ್ಕೆ ಹೋಗಬೇಕು. ಮೊದಲು ಅಲ್ಲಿನ ಕಚೇರಿಯನ್ನೂ, ಆಮೇಲೆ ಅಲ್ಲಿನ ಇರುಳಿನ ಬೀದಿಯನ್ನೂ ನೋಡಬೇಕು.

ಎರಡನ್ನೂ ನಮಗೆ ತೋರಿಸುವವನು ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್. ಅವನು ವಿಜಯನಗರಕ್ಕೆ ಬಂದದ್ದು ೧೪೪೩ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ. ಅರಮನೆಯ ಬಲಕ್ಕೆ ಕಂಬಗಳ ಸಾಲಿನ ಒಂದು ದೊಡ್ಡ ದಿವಾನಖಾನೆ. ಅದರ ಮುಂದೆ ಆಳೆತ್ತರಕ್ಕಿಂತ ಎತ್ತರದ ಜಗಲಿ. ಅಲ್ಲಿ ಲೆಕ್ಕಪತ್ರಗಳ ರಾಶಿ, ಬರೆಯುತ್ತ ಕುಳಿತ ಕರಣಿಕರು. ಕೆಲವರು ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುತ್ತಾರೆ. ಕೆಲವರು ಕಪ್ಪು ಬಳಿದ ಹಾಳೆಯ ಮೇಲೆ ಮೆತುಕಲ್ಲಿನ ಬಳಪದಿಂದ ಬೆಳ್ಳಗೆ ಬರೆಯುತ್ತಾರೆ. ನಮ್ಮ ಹಳ್ಳಿಯ ಶಾನುಭೋಗರ ಮನೆಗಳಲ್ಲಿ ಇದ್ದ ಕಡತ ಇದೇ ಅಲ್ಲವೆ? ಇಂದಿನ ಕಚೇರಿಗಳು ‘ಫೈಲ್’ ಅನ್ನು ಕಡತವೆಂದು ಕರೆಯುವಾಗ ಆ ಕಪ್ಪು ಹಾಳೆಯ ಹೆಸರನ್ನೇ ಹೇಳುತ್ತಿರುತ್ತವೆ. ನಡುವಿನ ಎತ್ತರದ ಪೀಠದ ಮೇಲೆ ದಣ್ಣಾಯಕನೊಬ್ಬನೇ ಕುಳಿತು ವ್ಯವಹಾರ ವಿಚಾರಿಸುತ್ತಾನೆ. ಕೆಳಗೆ ದಂಡಧಾರಿಗಳು ಸಾಲಾಗಿ ನಿಂತಿರುತ್ತಾರೆ. ಗಾಂಭೀರ್ಯವೆಂದರೆ ಇದು.

ಇದೇ ರಜಾಕನು ಟಂಕಸಾಲೆಯ ಹಿಂದಿನ ಇನ್ನೊಂದು ಬೀದಿಯನ್ನೂ ವರ್ಣಿಸಿದ್ದಾನೆ. ಎರಡೂ ಕಡೆ ಅಂದವಾದ ಮನೆಗಳು, ಮನೆಗಳ ಮುಂದೆ ಕಲ್ಲಿನ ಜಗಲಿಗಳು, ಜೀವ ತುಂಬಿದಂತೆ ಬಣ್ಣ ಬಳಿದ ಸಿಂಹ, ಚಿರತೆ, ಹುಲಿಗಳ ಬೊಂಬೆಗಳು. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು ಕಳೆದ ಮೇಲೆ ಬಾಗಿಲುಗಳಲ್ಲಿ ಪೀಠಗಳನ್ನಿಟ್ಟು, ಮುತ್ತುರತ್ನಗಳನ್ನು ತೊಟ್ಟ ವಾರಾಂಗನೆಯರು ಬಂದು ಕುಳಿತುಕೊಳ್ಳುತ್ತಾರೆ. ಮುಂದೆ ದಾಸಿಯರು ನಿಂತು ದಾರಿಹೋಕರನ್ನು ಕರೆಯುತ್ತಾರೆ. ಇಷ್ಟನ್ನೂ ಹೇಳಿ ಅವನು ಒಂದು ಲೆಕ್ಕವನ್ನು ಕೊಡುತ್ತಾನೆ. ಟಂಕಸಾಲೆಯ ಎದುರಿಗೇ ನಗರಾಧಿಕಾರಿಯ ಕಚೇರಿ. ಅವನ ಕೈಕೆಳಗೆ ಹನ್ನೆರಡು ಸಾವಿರ ಮಂದಿ ಕಾವಲಿನವರು. ಅವರ ಸಂಬಳ ದಿನಕ್ಕೆ ಹನ್ನೆರಡು ಸಾವಿರ ಹಣ. ಆ ಹಣವೆಲ್ಲ ಬರುತ್ತಿದ್ದುದು ಈ ಹೆಂಗಸರ ಮನೆಗಳ ಉತ್ಪನ್ನದಿಂದ!

ಕಡತದಲ್ಲಿ ಜಮೆ ಬರೆಯುತ್ತಿದ್ದ ಕರಣಿಕನಿಗೆ ಆ ಬೀದಿ ಯಾವುದೆಂದು ತಿಳಿಯದೆ ಇದ್ದೀತೆ? ಹಗಲಿನ ಕಚೇರಿಗೂ ಇರುಳಿನ ಬೀದಿಗೂ ನಡುವೆ ಇದ್ದದ್ದು ಗೋಡೆಯಲ್ಲ, ಲೆಕ್ಕದ ಒಂದು ಸಾಲು.

ಇದಾದ ಮುಕ್ಕಾಲು ಶತಮಾನದ ಮೇಲೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬಂದನು. ನಗರದ ಅತ್ಯುತ್ತಮ ಬೀದಿಗಳಲ್ಲಿ ಇರುವವರು ಈ ಹೆಂಗಸರೇ ಎಂದು ಅವನೂ ಬರೆಯುತ್ತಾನೆ. ಮರ್ಯಾದಸ್ಥನಾದ ಯಾವ ಗಂಡಸಾದರೂ ಅವರ ಮನೆಗೆ ಹೋಗಬಹುದು, ಅದರಿಂದ ನಿಂದೆ ಬರುವುದಿಲ್ಲ ಎನ್ನುತ್ತಾನೆ. ಅಷ್ಟೇ ಅಲ್ಲ, ಬೇರೆ ಯಾರಿಗೂ ಇಲ್ಲದ ಒಂದು ಸಲಿಗೆ ಅವರಿಗಿತ್ತು: ಅವರು ರಾಣಿಯರ ಅಂತಃಪುರಕ್ಕೆ ಹೋಗಿ, ರಾಣಿಯರ ಜೊತೆ ಕುಳಿತು ತಾಂಬೂಲ ಹಾಕಿಕೊಳ್ಳುತ್ತಿದ್ದರು.

ಹಾಗಾದರೆ ಪ್ರಶ್ನೆ ಏಳುತ್ತದೆ. ಹೋಗುವುದಕ್ಕೆ ನಿಂದೆಯಿಲ್ಲ, ಬೀದಿ ಮರೆಯದಲ್ಲ, ತೆರಿಗೆ ಬೊಕ್ಕಸಕ್ಕೇ ಬರುತ್ತದೆ. ಇಂಥ ನಗರದಲ್ಲಿ ಅರಸನೊಬ್ಬನು ಒಬ್ಬ ಹೆಣ್ಣಿನ ಮನೆಗೆ ಕದ್ದು ಹೋಗಬೇಕಾದ ಅಗತ್ಯವೇನಿತ್ತು?

ಕದ್ದು ಹೋದನೆಂದು ಹೇಳುವವನು ಫೆರ್ನಾವೊ ನೂನಿಜ್. ಕುದುರೆಯ ವ್ಯಾಪಾರಿಯಾದ ಇವನು ೧೫೩೫ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದು ಅಲ್ಲಿನ ಅರಸರ ಚರಿತ್ರೆಯನ್ನು ಬರೆದಿಟ್ಟನು. ಪಾಯೆಸ್ ಮತ್ತು ನೂನಿಜರ ಬರಹಗಳು ಬಹುಕಾಲ ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿ ಮರೆಯಾಗಿದ್ದವು. ೧೮೯೭ರಲ್ಲಿ ದಾವಿದ್ ಲೋಪೆಸ್ ಅವನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದನು. ೧೯೦೦ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದನು.

ನೂನಿಜನ ಕಥೆ ಹೀಗಿದೆ. ಕೃಷ್ಣರಾಯನು ಎಳೆಯ ವಯಸ್ಸಿನಲ್ಲಿ ಒಬ್ಬ ವಾರಾಂಗನೆಯನ್ನು ಬಹಳವಾಗಿ ಪ್ರೀತಿಸುತ್ತಿದ್ದನು. ಅವಳ ಹೆಸರು ಚಿನ್ನಾದೇವಿ. ತಾನು ಅರಸನಾದರೆ ಅವಳನ್ನು ಮದುವೆಯಾಗುವೆನೆಂದು ಅನೇಕ ಸಲ ಹೇಳಿದ್ದನು. ಹೇಳಿದ್ದು ವಿನೋದಕ್ಕೇ ಆದರೂ ಅದೇ ನಿಜವಾಯಿತೆಂದು ನೂನಿಜ್ ಒಂದು ಮಾತನ್ನು ಸೇರಿಸುತ್ತಾನೆ. ಅಣ್ಣ ವೀರನರಸಿಂಹನಿರುವಾಗ ತಮ್ಮನಿಗೆ ಪಟ್ಟವೆಲ್ಲಿಯದು? ಆಗದ ಹೋಗದ ಮಾತನ್ನು ಯಾರಾದರೂ ಆಡಬಹುದು. ಆದರೆ ೧೫೦೯ರಲ್ಲಿ ಕೃಷ್ಣರಾಯನು ಸಿಂಹಾಸನವನ್ನು ಏರಿದನು. ವಿನೋದದ ಮಾತಿಗೆ ಗಡುವು ಬಂದಿತು.

ಸಿಂಹಾಸನವೇರಿದವನ ದಿನಚರಿ ಎಂಥದೆಂಬುದನ್ನು ಪಾಯೆಸನಿಂದ ಕೇಳಬೇಕು. ಹೊತ್ತು ಹುಟ್ಟುವ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಪೂಸಿಕೊಂಡು, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಭಾರ ಎತ್ತುವುದು, ಕತ್ತಿ ತಿರುಗಿಸುವುದು. ಆಮೇಲೆ ಕುಸ್ತಿ, ಕುದುರೆ ಸವಾರಿ, ಸ್ನಾನ, ದೇವರ ಪೂಜೆ. ಅಲ್ಲಿಂದ ಕಂಬಗಳ ಚಾವಡಿಗೆ ಹೋಗಿ ಅಧಿಕಾರಿಗಳೊಡನೆ ರಾಜ್ಯದ ಕೆಲಸ. ಸಾಮಂತರು ಬಂದು ನಮಸ್ಕರಿಸಿ ತಲೆ ತಗ್ಗಿಸಿ ನಿಲ್ಲುತ್ತಾರೆ. ಅರಸನು ಮಾತಾಡಿಸದೆ ಯಾರೂ ತುಟಿ ಬಿಚ್ಚುವಂತಿಲ್ಲ. ಮೈಬಣ್ಣ ಬಿಳಿದು, ನಡುವೆತ್ತರ, ಮುಖದಲ್ಲಿ ಸಿಡುಬಿನ ಕಲೆಗಳು, ನಗುಮುಖವಾದರೂ ಥಟ್ಟನೆ ಸಿಟ್ಟಿಗೇಳುವ ಸ್ವಭಾವ. ಆ ಹೊತ್ತಿನಲ್ಲಿ ಅವನ ಬಳಿ ಎಲ್ಲರಿಗಿಂತ ಹೆಚ್ಚಿನ ಸಲಿಗೆಯಿದ್ದವನು ಒಬ್ಬನೇ: ವೃದ್ಧ ಮಂತ್ರಿ ಸಾಳುವ ತಿಮ್ಮರಸು. ಕೃಷ್ಣರಾಯನನ್ನು ಬೆಳೆಸಿದವನೇ ಅವನು. ಅರಸನಿಗೆ ತಂದೆಯ ಸಮಾನ. ನಮ್ಮ ಜನರು ಇಂದಿಗೂ ಅವನನ್ನು ಅಪ್ಪಾಜಿಯೆಂದೇ ಕರೆಯುತ್ತಾರೆ.

ಇಂಥ ಅರಸನು ರಾತ್ರಿಯಾದರೆ ಅರಮನೆಯಿಂದ ಗುಟ್ಟಾಗಿ ಹೊರಬಿದ್ದು ಚಿನ್ನಾದೇವಿಯ ಮನೆಗೆ ಹೋಗುತ್ತಿದ್ದನು. ಒಂದು ದಿನವಲ್ಲ, ಅನೇಕ ದಿನ. ತಿಮ್ಮರಸನಿಗೆ ಇದು ತಿಳಿಯಿತು. ಅವನು ಡಂಗುರ ಹೊಡೆಯಲಿಲ್ಲ, ಬೇಹುಗಾರರನ್ನೂ ಅಟ್ಟಲಿಲ್ಲ. ಒಂದು ರಾತ್ರಿ ತಾನೇ ಕಾದು ನಿಂತು, ಅರಸನು ಹೊರಟದ್ದನ್ನು ಕಂಡು, ಆ ಹೆಂಗಸಿನ ಮನೆಯೊಳಕ್ಕೇ ಹೋದನು. ಅಲ್ಲಿಯೇ ಅವನನ್ನು ಚೆನ್ನಾಗಿ ಗದರಿಸಿ ಅರಮನೆಗೆ ಕರೆತಂದನು.

ಈ ದೃಶ್ಯವನ್ನು ಓದುಗರು ಸ್ವಲ್ಪ ಕಣ್ಣಿಗೆ ತಂದುಕೊಳ್ಳಬೇಕು. ಮುಂಜಾನೆ ಸಾವಿರಾರು ತಲೆಗಳು ಯಾರ ಮುಂದೆ ಬಾಗಬೇಕೋ ಆ ಅರಸನು ತಂದೆಯ ಕೈಗೆ ಸಿಕ್ಕ ಹುಡುಗನಂತೆ ಮುದುಕನ ಹಿಂದೆ ಕತ್ತಲೆಯಲ್ಲಿ ನಡೆದು ಬರುತ್ತಿದ್ದಾನೆ. ಇಲ್ಲಿಯವರೆಗಿನದು ಎಲ್ಲ ದೇಶಗಳಲ್ಲಿಯೂ ನಡೆದದ್ದೇ. ಆದರೆ ಅರಮನೆಗೆ ಬಂದ ಮೇಲೆ ಅರಸನು ತಪ್ಪಾಯಿತೆನ್ನಲಿಲ್ಲ. ತಾನು ಅವಳನ್ನು ಎಷ್ಟು ಪ್ರೀತಿಸುವೆನೆಂದು ಹೇಳಿದನು. ಮಾತು ಕೊಟ್ಟಿರುವುದಾಗಿಯೂ, ಮದುವೆಯಾಗಿಯೇ ತೀರುವೆನೆಂದೂ ಹೇಳಿದನು.

ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಗುಟ್ಟಾಗಿದ್ದದ್ದು ಹೋಗಿಬರುವುದಲ್ಲ, ಕೊಟ್ಟ ಮಾತು. ಸುಖಕ್ಕಾಗಿ ಹೋಗುವ ಗಂಡಸಿಗೆ ಆ ನಗರದಲ್ಲಿ ಬಾಗಿಲು ತೆರೆದಿತ್ತು, ಬೀದಿಯಲ್ಲಿ ದೀಪವಿತ್ತು. ಹೆಂಡತಿಯೆಂದು ಕರೆಯಬೇಕೆಂದು ಹೋದವನಿಗೆ ಮಾತ್ರ ಕತ್ತಲೆ ಬೇಕಾಯಿತು. ತುರ್ವಿಹಾಳದ ಹಿರಿಯರ ನ್ಯಾಯವೇ ವಿಜಯನಗರದ ನ್ಯಾಯವೂ ಆಗಿದ್ದಿತು.

ತಿಮ್ಮರಸು ಏನು ಮಾಡಿದನು? ಅರಸನ ಮನಸ್ಸು ತಿರುಗದೆಂದು ಕಂಡು ಒಪ್ಪಿಕೊಂಡನು. ಆದರೆ ನಿಂದೆ ತಟ್ಟದಂತೆ ತಾನೇ ನೆರವೇರಿಸುವೆನೆಂದನು. ಮೊದಲು ರಾಜವಂಶದ ಸುಂದರಿಯಾದ ಕನ್ಯೆಯೊಬ್ಬಳನ್ನು ಹುಡುಕಿ ಅರಸನಿಗೆ ಮದುವೆ ಮಾಡಿಸಿದನು. ಮದುವೆಯ ಸಡಗರ ಮುಗಿದ ಮೇಲೆ ಆ ರಾಣಿಯನ್ನೂ ಚಿನ್ನಾದೇವಿಯನ್ನೂ ಎತ್ತರವಾದ ಗೋಪುರವಿದ್ದ ಒಂದು ಮನೆಯಲ್ಲಿ ಇರಿಸಿದನು. ಒಂದು ಮದುವೆಯ ವಾದ್ಯದ ಸದ್ದಿನಲ್ಲಿ ಇನ್ನೊಂದು ಮದುವೆ ಆಗಿಹೋಯಿತು.

ಕಚೇರಿಯ ಜಾಣತನಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಮೆಚ್ಚಿ ಸುಮ್ಮನಾಗುವುದೂ ನ್ಯಾಯವಲ್ಲ. ಅರಸನ ಮಾತು ಉಳಿಯಿತು, ಮಂತ್ರಿಯ ಮರ್ಯಾದೆ ಉಳಿಯಿತು, ಚಿನ್ನಾದೇವಿಗೆ ಮನೆ ದೊರೆಯಿತು, ಸರಿ. ಮರೆಯಾಗಿ ನಿಲ್ಲಬೇಕಾಗಿ ಬಂದ ಆ ಇನ್ನೊಬ್ಬ ಕನ್ಯೆ? ತನ್ನ ಮದುವೆ ಮತ್ತೊಬ್ಬಳ ಮದುವೆಗೆ ತೆರೆಯೆಂದು ಅವಳಿಗೆ ಯಾರಾದರೂ ಹೇಳಿದ್ದರೆ? ನೂನಿಜನು ಹೇಳುವುದಿಲ್ಲ. ಚಿನ್ನಾದೇವಿಯ ಬಾಯಿಂದಲೂ ಅವನು ಒಂದು ಮಾತನ್ನು ಆಡಿಸುವುದಿಲ್ಲ. ಪಾಯೆಸ್ ಮಾತ್ರ ಒಂದು ಎಳೆಯನ್ನು ಬಿಟ್ಟುಹೋಗಿದ್ದಾನೆ. ಅವನ ಪ್ರಕಾರ ಮಾತನ್ನು ಅರಸನು ತಾನಾಗಿ ಕೊಟ್ಟದ್ದಲ್ಲ. ಅರಸನಾದರೆ ನನ್ನನ್ನು ಮದುವೆಯಾಗಬೇಕೆಂದು ಮಾತು ತೆಗೆದುಕೊಂಡವಳು ಅವಳು. ಒಬ್ಬನಿಗೆ ವಿನೋದವಾಗಿ ಕಂಡದ್ದು ಇನ್ನೊಬ್ಬಳಿಗೆ ಬದುಕಿನ ಪ್ರಶ್ನೆಯಾಗಿದ್ದಿತು.

ಇದೆಲ್ಲ ನಿಜವೆ? ನೂನಿಜನ ಕಿವಿಗೆ ಬಿದ್ದದ್ದು ಸುಮಾರು ಇಪ್ಪತ್ತೈದು ವರ್ಷ ಹಳೆಯ ಸುದ್ದಿ; ಬಾಯಿಂದ ಬಾಯಿಗೆ ಬಂದದ್ದಕ್ಕೆ ಬಣ್ಣ ಸೇರಿರಲೂಬಹುದು. ಪಾಯೆಸನಾದರೋ ಅರಸನನ್ನು ಕಣ್ಣಾರೆ ಕಂಡವನು. ಹನ್ನೆರಡು ಮಂದಿ ಪತ್ನಿಯರಲ್ಲಿ ಮುಖ್ಯರಾದವರು ಮೂವರು. ಒಬ್ಬಳು ಒರಿಸ್ಸದ ಅರಸನ ಮಗಳು, ಒಬ್ಬಳು ಶ್ರೀರಂಗಪಟ್ಟಣದ ಅರಸನ ಮಗಳು, ಮೂರನೆಯವಳು ಹಿಂದೆ ವಾರಾಂಗನೆಯಾಗಿದ್ದವಳು ಎಂದು ಅವನೂ ಬರೆದಿದ್ದಾನೆ. ಮೂವರಿಗೂ ಎಲ್ಲವೂ ಸರಿಸಮ. ಒಬ್ಬಳಿಗಿಂತ ಒಬ್ಬಳಿಗೆ ಹೆಚ್ಚಿಲ್ಲ, ಹೀಗಾಗಿ ಅವರಲ್ಲಿ ಮನಸ್ತಾಪವಿಲ್ಲ ಎಂದೂ ಸೇರಿಸುತ್ತಾನೆ. ಅವಳ ಮೇಲಿನ ಪ್ರೀತಿಯಿಂದ ಅರಸನು ಹೊಸ ಪಟ್ಟಣವನ್ನು ಕಟ್ಟಿಸಿದನೆಂದು ಹೇಳಿ, ಹೆಸರು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದಾನೆ. ಆಮೇಲೆ ತುಂಬೋಣವೆಂದುಕೊಂಡು ಮರೆತನೋ ಏನೋ! ನೂನಿಜನು ಆ ಪಟ್ಟಣ ನಾಗಲಾಪುರವೆನ್ನುತ್ತಾನೆ. ಅದು ಇಂದಿನ ಹೊಸಪೇಟೆ. ಹೆಸರನ್ನು ನೋಡಿದರೆ ಅದು ಕೃಷ್ಣರಾಯನ ತಾಯಿ ನಾಗಲಾದೇವಿಯ ನೆನಪಿನದೆಂದು ವಾದಿಸುವ ವಿದ್ವಾಂಸರಿದ್ದಾರೆ; ಆ ವಾದ ತಳ್ಳಿಹಾಕುವಂಥದಲ್ಲ.

ಪ್ರವಾಸಿಗಳನ್ನು ಬಿಟ್ಟು ಕಲ್ಲನ್ನು ಕೇಳಿದರೆ ಉತ್ತರ ಇನ್ನೂ ಗಟ್ಟಿಯಾಗಿ ಬರುತ್ತದೆ. ೧೫೧೩ರ ಫೆಬ್ರವರಿಯಲ್ಲಿ ಕೃಷ್ಣದೇವರಾಯನು ತಿರುಮಲೆಗೆ ಹೋದಾಗ ಇಬ್ಬರು ರಾಣಿಯರು ಸ್ವಾಮಿಯ ಹಾಲಿನ ನೈವೇದ್ಯಕ್ಕೆಂದು ಒಂದೊಂದು ಚಿನ್ನದ ಬಟ್ಟಲನ್ನು ಒಪ್ಪಿಸಿದರು. ಒಬ್ಬಳು ತಿರುಮಲದೇವಿ, ಇನ್ನೊಬ್ಬಳು ಚಿನ್ನಾದೇವಿ. ತಿರುಮಲೆಯ ದೇವಸ್ಥಾನದ ಬಾಗಿಲನ್ನು ದಾಟಿದೊಡನೆ ಕೈಮುಗಿದು ನಿಂತಿರುವ ರಾಯನ ಲೋಹದ ವಿಗ್ರಹವನ್ನು ಯಾತ್ರಿಕರು ನೋಡಿರಬಹುದು. ಅವನ ಎರಡು ಪಕ್ಕದಲ್ಲಿ ನಿಂತಿರುವವರೂ ಈ ಇಬ್ಬರೇ. ಅವರ ಹೆಸರುಗಳನ್ನು ವಿಗ್ರಹಗಳ ಮೇಲೆಯೇ ಕೊರೆದಿದೆ. ಚಿನ್ನಾದೇವಿ ಯಾವ ಬೀದಿಯಿಂದ ಬಂದವಳೆಂದು ಶಾಸನಗಳು ಹೇಳುವುದಿಲ್ಲ. ನೂನಿಜನ ಚಿನ್ನಾದೇವಿಯೇ ತಿರುಮಲೆಯ ಚಿನ್ನಾದೇವಿಯಾದರೆ, ಹೆಸರು ಹೊಂದುವುದರಿಂದ ಬಹುಮಂದಿ ಹಾಗೆಯೇ ತಿಳಿದಿದ್ದಾರೆ, ಕತ್ತಲೆಯಲ್ಲಿ ಕೊಟ್ಟ ಮಾತು ದೇವರ ಮುಂದೆ, ಹಗಲು ಬೆಳಕಿನಲ್ಲಿ, ಪಟ್ಟದ ರಾಣಿಯ ಸರಿಸಾಟಿಯಾಗಿ ನಿಂತಿದೆಯೆಂದೇ ಅರ್ಥ.

ಅರಸನೊಬ್ಬನು ಮಾತು ಉಳಿಸಿಕೊಂಡನೆಂದು ನಗರದ ನ್ಯಾಯ ಬದಲಾಯಿತೆಂದು ತಿಳಿಯಬಾರದು. ೧೫೨೦ರಲ್ಲಿ ಕೃಷ್ಣರಾಯನು ಬಿಜಾಪುರದ ಸುಲ್ತಾನನ ಕೈಯಿಂದ ರಾಯಚೂರನ್ನು ಗೆಲ್ಲಲು ಹೊರಟನು. ಆ ದಂಡಿನ ಜೊತೆಯಲ್ಲಿ ಇಪ್ಪತ್ತು ಸಾವಿರ ಮಂದಿ ವಾರಾಂಗನೆಯರಿದ್ದರೆಂದು ನೂನಿಜ್ ಲೆಕ್ಕ ಕೊಡುತ್ತಾನೆ. ಅವನ ಲೆಕ್ಕದಲ್ಲಿ ಎಷ್ಟನ್ನು ಕಳೆದರೂ ಉಳಿಯುವುದು ದೊಡ್ಡ ಸಂಖ್ಯೆಯೇ. ಟಂಕಸಾಲೆಯ ಹಿಂದಿನ ಬೀದಿ ದಂಡಿನ ಬೆನ್ನು ಹತ್ತಿ ಎಡೆದೊರೆ ನಾಡಿಗೆ ಬಂದಿತ್ತು. ಆ ಗುಡಾರಗಳಲ್ಲಿ ಎಷ್ಟು ಮಾತುಗಳನ್ನು ಕೊಟ್ಟಿದ್ದರೋ, ಎಷ್ಟು ಬೆಳಗಾಗುವುದರೊಳಗೆ ವಿನೋದವಾಗಿ ಹೋದವೋ! ಆ ಇಪ್ಪತ್ತು ಸಾವಿರದಲ್ಲಿ ಒಬ್ಬಳ ಹೆಸರೂ ನಮಗೆ ಉಳಿದಿಲ್ಲ.

ತಿಮ್ಮರಸನ ಕಥೆಯ ಕೊನೆಯನ್ನೂ ಹೇಳದಿದ್ದರೆ ಈ ಬರಹ ಅರ್ಧವಾದೀತು. ತಮ್ಮನ ಕಣ್ಣು ಕೀಳಿಸೆಂದು ಸಾಯುವ ಹೊತ್ತಿನಲ್ಲಿ ವೀರನರಸಿಂಹನು ಅಪ್ಪಣೆ ಮಾಡಿದಾಗ, ಮೇಕೆಯ ಕಣ್ಣುಗಳನ್ನು ತೋರಿಸಿ ಕೃಷ್ಣರಾಯನನ್ನು ಉಳಿಸಿದವನು ಈ ತಿಮ್ಮರಸನೇ ಎಂದು ನೂನಿಜ್ ಹೇಳುತ್ತಾನೆ. ಮುಂದೆ ಎಳೆಯ ರಾಜಕುಮಾರನು ಸತ್ತಾಗ, ವಿಷ ಹಾಕಿಸಿದ ಸಂಶಯ ತಿಮ್ಮರಸನ ಮನೆಯವರ ಮೇಲೆ ಬಂದು, ಅದೇ ಕೃಷ್ಣರಾಯನು ಅವನನ್ನು ಸೆರೆಯಲ್ಲಿಟ್ಟು ಕಣ್ಣು ಕೀಳಿಸಿದನೆಂದೂ ಅವನೇ ಬರೆದಿದ್ದಾನೆ. ಈ ಎರಡು ಸಂಗತಿಗಳನ್ನೂ ಇತಿಹಾಸಜ್ಞರೆಲ್ಲರೂ ಒಪ್ಪುವುದಿಲ್ಲ. ನಿಜವೇ ಆದರೆ, ಆ ರಾತ್ರಿ ಕತ್ತಲೆಯಲ್ಲಿ ಅರಸನ ಗುಟ್ಟನ್ನು ಕಂಡೂ ಕಾಣದಂತೆ ಕಾಪಾಡಿದ ಕಣ್ಣುಗಳು ಅವೇ. ಹೆಣ್ಣಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಅರಸನು ತಂದೆಯಂಥವನ ಋಣವನ್ನು ಉಳಿಸಿಕೊಳ್ಳಲಾರದೆ ಹೋದನು. ದೊಡ್ಡವರನ್ನು ಅಳೆಯುವಾಗ ಒಂದೇ ಕೋಲು ಸಾಲದು.

ಬಸ್ಸು ಸಿಂಧನೂರನ್ನು ಸೇರುವ ಹೊತ್ತಿಗೆ ದೀಪ ಹತ್ತಿದ್ದವು. ಹೆಸರೂ ಊರೂ ತಿಳಿಯದ ಆ ಗುಮಾಸ್ತನ ನೆನಪು ಮತ್ತೆ ಬಂದಿತು. ಅವನಿಗೆ ತಿಮ್ಮರಸನಂಥ ಮಂತ್ರಿಯಿಲ್ಲ. ಗೋಪುರದ ಮನೆಯೂ ಇಲ್ಲ. ಅವನ ಮದುವೆಯಾದರೆ ಅದರ ವಾದ್ಯ ಅವನೇ ಬಾರಿಸಿಕೊಳ್ಳಬೇಕು. ಆದರೆ ಇನ್ನೊಬ್ಬ ಹೆಣ್ಣನ್ನು ತೆರೆಯಾಗಿ ನಿಲ್ಲಿಸದೆ, ನೇರವಾಗಿ ಎಲ್ಲರ ಮುಂದೆ ಮಾತನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗುಂಟು. ವಿಜಯನಗರದ ಚಕ್ರವರ್ತಿಗೆ ಅದು ಇರಲಿಲ್ಲ. ತುರ್ವಿಹಾಳದ ಆ ಯಜಮಾನರು ಮತ್ತೊಮ್ಮೆ ಸಿಕ್ಕಿದರೆ ಇಷ್ಟನ್ನು ಅವರಿಗೆ ಹೇಳಬೇಕೆಂದಿದ್ದೇನೆ.